ಕೊನೆಯಲ್ಲಿ ಬರೆದ ಆ ಒಂದು ಸಾಲು

ತೀರ್ಥಹಳ್ಳಿ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಟೆನಿಸ್‌ನಲ್ಲಿ ನಿನ್ನ ಕಿಕ್ ಸರ್ವ್, ಅದೇ ತಿರುಗುತ್ತ ಬಿದ್ದು ಎತ್ತರಕ್ಕೆ ಚಿಮ್ಮುವ ಸರ್ವ್, ಕೊನೆಗೂ ಎದುರಾಳಿಯ ಭುಜದೆತ್ತರಕ್ಕೆ ಪುಟಿಯುತ್ತಿದೆ ಎಂದು ಎರಡು ಪುಟ ಬರೆದಿದ್ದೀಯ. ಕೊನೆಯಲ್ಲಿ, ‘ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಕಡೆ ಚುಚ್ಚುತ್ತದೆ, ತಂಡದಿಂದ ಬಿಟ್ಟಾರೆಂದು ಕೋಚ್‌ಗೆ ಹೇಳಿಲ್ಲ’ ಎಂದಿದ್ದೀಯ. ಆ ಎರಡು ಪುಟ ಅಲ್ಲಿಗೇ ಮರೆತುಹೋಯಿತು.

ಮಳೆ ಬಿಡುವು ಕೊಟ್ಟರೆ ಅಡಿಕೆಗೆ ಎರಡನೇ ಸಲ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಸಬೇಕು, ಅದಿರಲಿ. ಚುಚ್ಚುವುದು ಎಡಗಡೆಯೋ, ಬಲಗಡೆಯೋ? ಹದಿನೈದರಲ್ಲಿ ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಹಿಂದಕ್ಕೆ ಬಾಗಿ, ಅದರ ಜೊತೆಗೇ ತಿರುಚುವುದನ್ನು ದಿನವೂ ಮಾಡಿದರೆ ಸೊಂಟದ ಬೆನ್ನೆಲುಬಿನ ಹಿಂಭಾಗದಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಎಳೆಯ ಟೆನಿಸ್ ಆಟಗಾರರಿಗೂ ವೇಗದ ಬೌಲರ್‌ಗಳಿಗೂ ಬರುವ ತೊಂದರೆ ಇದು. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬೇಗ ತಿಳಿದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬೇಗ ತಿಳಿಯಬೇಕಾದರೆ ನೀನು ಬಾಯಿ ಬಿಡಬೇಕಲ್ಲ.

ನನ್ನ ವಾಲಿಬಾಲ್ ಕಥೆಗಳನ್ನು ಸಾಕೆನ್ನುವಷ್ಟು ಕೇಳಿದ್ದೀಯ. ತಂಡದಲ್ಲಿ ನನಗೆ ಹೊಡೆಯಲು ಚೆಂಡು ಎತ್ತಿಕೊಡುತ್ತಿದ್ದ ಹುಡುಗನ ವಿಷಯ ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವನೂ ಬೆನ್ನು ನೋವನ್ನು ಮುಚ್ಚಿಟ್ಟುಕೊಂಡೇ ಆಡಿದ. ಆಗ ಬೆನ್ನಿಗೆಂದು ಯಾರು ಡಾಕ್ಟರ ಹತ್ತಿರ ಹೋಗುತ್ತಿದ್ದರು? ಎಣ್ಣೆ ತಿಕ್ಕುವುದು, ಬಿಸಿನೀರು ಹೊಯ್ಯುವುದು. ಮರುವರ್ಷ ಅವನಿಗೆ ನೆಗೆಯಲು ಆಗಲಿಲ್ಲ. ಅವನಿಲ್ಲದ ತಂಡದಲ್ಲಿ ನನಗೂ ರುಚಿ ಹೋಯಿತು. ಶಿವಮೊಗ್ಗದಲ್ಲಿ ಬಸ್ಸು ನೆಹರೂ ಕ್ರೀಡಾಂಗಣ ದಾಟುವಾಗ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಟೆನಿಸ್ ನಾನು ಆಡಿದವನಲ್ಲ, ಟಿವಿಯಲ್ಲಿ ನೋಡಿದವನು. ಹಾಗಾಗಿ ಹೇಳಲೂ ಸಂಕೋಚ. ನೀನು ಕಳಿಸಿದ ವಿಡಿಯೋದಲ್ಲಿ ಚೆಂಡು ತಲೆಯ ಹಿಂದಕ್ಕೆ ಹೋಗುತ್ತಿದೆ, ಅದನ್ನು ಹಿಡಿಯಲು ಬೆನ್ನು ಬಿಲ್ಲಾಗುತ್ತಿದೆ. ನೆತ್ತಿಯ ಮೇಲೆ, ತುಸು ಎಡಕ್ಕೆ ಎಸೆದರೆ ಸಾಲದೇ? ಮೊಣಕಾಲು ಬಾಗಲಿ, ಬಲ ಅಲ್ಲಿಂದ ಬರಲಿ. ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಆದೀತೆಂದು ಹೆದರಿ ಕೈ ನಿಧಾನ ಮಾಡುತ್ತೀಯಂತೆ. ನಡುವೆ ನೆಟ್‌ನ ಎತ್ತರ 3 ಅಡಿ ಅಷ್ಟೇ. ಅದರ ಮೇಲೆ ಧಾರಾಳವಾಗಿ ಜಾಗ ಬಿಟ್ಟು ಹೊಡೆ. ಕೆಳಗಿನಿಂದ ಮೇಲಕ್ಕೆ ಜೋರಾಗಿ ಸವರಿದ ಚೆಂಡು ತಿರುಗುತ್ತ ತಾನೇ ಒಳಗೆ ಇಳಿಯುತ್ತದೆ. ಇದನ್ನೆಲ್ಲ ನಿನ್ನ ಕೋಚ್ ನನಗಿಂತ ಚೆನ್ನಾಗಿ ಹೇಳಿಯಾರು. ಅದೂ ಈಗಲ್ಲ, ಡಾಕ್ಟರು ಸರಿ ಎಂದ ಮೇಲೆ.

ತಂಡದಿಂದ ಬಿಟ್ಟರೆ ಬಿಡಲಿ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ನಿನಗೇನು ಅವಸರ?

ನಿನ್ನ ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ನೀನು ಕೋಚ್‌ಗೆ ಹೇಳಿರದಿದ್ದರೆ ನಾನೇ ಹೇಳುತ್ತೇನೆ. ಸಿಟ್ಟು ಮಾಡಿಕೊಂಡರೆ ಮಾಡಿಕೋ.

ನಿನ್ನ ದೊಡ್ಡಪ್ಪ