ಮಗಳಿಗೊಂದು ಪತ್ರ: ಬಾಯ್ಲರ್ ಕೋಣೆಗೆ ಇಳಿದ ಅಜ್ಜ

ಪ್ರೀತಿಯ ಪುಟ್ಟಿಗೆ,

ಕುಮಟಾದಿಂದ ಅಪ್ಪನ ಆಶೀರ್ವಾದಗಳು. ಮನೆಯಲ್ಲಿ ಎಲ್ಲರೂ ಕ್ಷೇಮ. ಫಿಲಿಪೀನ್ಸ್‌ನಲ್ಲಿ ನೀನಿರುವ ಮನೆಯೊಡತಿಯ ತಂದೆ, ನೀನು ಅಲ್ಲಿಯವರಂತೆ ಲೋಲೋ (ಅಜ್ಜ) ಎಂದು ಕರೆಯುತ್ತಿದ್ದವರು, ತೀರಿಕೊಂಡ ಸುದ್ದಿ ತಿಳಿದಾಗಿನಿಂದ ನಿನ್ನ ಅಮ್ಮ ಅವರ ಮಾತನ್ನೇ ಆಡುತ್ತಿದ್ದಾಳೆ. ವಿಡಿಯೋ ಕರೆಯಲ್ಲಿ ಬಂದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದದ್ದು ಅವಳ ಮಂಡಿನೋವಿನ ವಿಷಯ, ಆಮೇಲೆ ನನ್ನ ಹಡಗಿನ ವಿಷಯ.

ಶವಪೆಟ್ಟಿಗೆಯನ್ನು ದಿನಗಟ್ಟಲೆ ಮನೆಯಲ್ಲೇ ಇಟ್ಟು, ಬಂದವರಿಗೆ ಕಾಫಿ ಬಿಸ್ಕತ್ತು ಕೊಟ್ಟು, ರಾತ್ರಿಯಿಡೀ ಇಸ್ಪೀಟು ಆಡುತ್ತಾರೆಂದು ಬೆರಗಾಗಿ ಬರೆದಿದ್ದೀಯ. ಆಟದ ಹಣದಲ್ಲಿ ಒಂದು ಪಾಲು ಮನೆಯವರ ಖರ್ಚಿಗೆ ಹೋಗುತ್ತದಂತೆ. ನಮ್ಮೂರಿನಲ್ಲಿ ಸಾವಿನ ಮನೆಯಲ್ಲಿ ಇಸ್ಪೀಟು ತೆಗೆದರೆ ಊರೇ ಉಗಿದೀತು. ಆದರೂ ಹೆಣದ ಮುಂದೆ ಜಾಗರಣೆ ಕೂರುವವರಿಗೆ ನಿದ್ದೆಯೂ ಬರಬಾರದು, ಮನೆಯವರಿಗೆ ಒಂದಿಷ್ಟು ಆಸರೆಯೂ ಆಗಬೇಕು ಎಂದಾದರೆ ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಪೆಟ್ಟಿಗೆಯ ಮೇಲೆ ಅಮೆರಿಕದ ಬಾವುಟ ಏಕೆ ಎಂದು ಕೇಳಿದ್ದೀಯ. ಅವರು ಆ ದೇಶದ ನೌಕಾಪಡೆಯಿಂದ ನಿವೃತ್ತರಾದವರು, ಅದು ಅವರ ಹಕ್ಕು. ಆದರೆ ನಿನ್ನ ಸಹಪಾಠಿ, ‘ಅಮೆರಿಕನ್ನರ ಪಾತ್ರೆ ತೊಳೆದವರಿಗೆ ಇಷ್ಟೆಲ್ಲ ಗೌರವವೇ’ ಎಂದು ನಕ್ಕನೆಂದು ಬರೆದಿದ್ದೀಯಲ್ಲ, ಅದನ್ನು ಓದಿ ನನ್ನ ಮೈ ಉರಿಯಿತು. ಅದಕ್ಕೇ ಇಷ್ಟು ಉದ್ದದ ಪತ್ರ.

1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿ, ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪೀನ್ಸ್‌ನಿಂದ 500 ಫಿಲಿಪೀನೋಗಳನ್ನು ನೌಕಾಪಡೆಗೆ ಸೇರಿಸಿಕೊಳ್ಳಲು ಆದೇಶ ಹೊರಡಿಸಿದ. ಮೊದಮೊದಲು ಅವರಿಗೆ ಹಡಗಿನ ಬೇರೆ ಬೇರೆ ಕೆಲಸಗಳು ಸಿಗುತ್ತಿದ್ದವು. ಹಾಗೆ ಸೇರಿದವರಲ್ಲಿ ತೆಲೆಸ್ಫೋರೋ ತ್ರಿನಿದಾದ್ ಒಬ್ಬ. ಯುಎಸ್‌ಎಸ್ ಸ್ಯಾನ್ ಡಿಯಾಗೋ ಎಂಬ ಹಡಗಿನಲ್ಲಿ ಫೈರ್‌ಮನ್, ಅಂದರೆ ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನು, ನಮ್ಮ ನೌಕಾಪಡೆಯಲ್ಲಿ ನಾನು ಮಾಡಿದ ಕೆಲಸವೇ. 1915ರ ಜನವರಿ 21ರಂದು, ಮೆಕ್ಸಿಕೋದ ಕಡಲಿನಲ್ಲಿ, ಆ ಹಡಗಿನ ಬಾಯ್ಲರುಗಳು ಸಿಡಿದವು.

ಬಾಯ್ಲರ್ ಸಿಡಿಯುವುದೆಂದರೇನು ಎಂದು ಲೋನಾವಳದ ನೌಕಾಪಡೆ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ನಮಗೆ ಮೊದಲ ವಾರದಲ್ಲೇ ಹೆದರಿಸಿ ಹೇಳಿಕೊಟ್ಟಿದ್ದರು. ಕೊಳವೆಗಳೊಳಗಿನ ನೀರು ಭಾರೀ ಒತ್ತಡದಲ್ಲಿರುತ್ತದೆ, ಆದ್ದರಿಂದ ನೂರು ಡಿಗ್ರಿ ದಾಟಿದರೂ ನೀರಾಗಿಯೇ ಇರುತ್ತದೆ. ಒಂದು ಕೊಳವೆ ಒಡೆದರೆ ಸಾಕು, ಅದು ಕ್ಷಣದಲ್ಲಿ ಉಗಿಯಾಗಿ ಉಬ್ಬಿ ಒಲೆಯ ಬೆಂಕಿಯನ್ನೂ ಕೆಂಡವನ್ನೂ ಬಾಯಿಂದ ಹೊರಗೆ ಉಗುಳುತ್ತದೆ. ಸುತ್ತ ಉಕ್ಕಿನ ಗೋಡೆ, ಓಡಲು ಇರುವುದು ಒಂದೆರಡು ಕಿರುಬಾಗಿಲು. ತ್ರಿನಿದಾದ್ ಎರಡನೆಯ ಬಾಯ್ಲರ್ ಕೋಣೆಯಿಂದ ಹೊರಗೆ ಬಂದಿದ್ದ. ಮತ್ತೆ ಒಳಗೆ ಹೋಗಿ, ಗಾಯಗೊಂಡಿದ್ದ ಜೊತೆಗಾರನನ್ನು ಎತ್ತಿಕೊಂಡು ಬಂದ. ಬರುವ ದಾರಿಯಲ್ಲೇ ಮೂರನೆಯ ಕೋಣೆಯೂ ಸಿಡಿದು ಅವನ ಮುಖ ಸುಟ್ಟಿತು. ಹೊತ್ತವನನ್ನು ಬೇರೆಯವರ ಕೈಗೆ ದಾಟಿಸಿ, ಇನ್ನೊಬ್ಬನನ್ನು ಹೊರತರಲು ನೆರವಾದ. ಅವನಿಗೆ ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಕೊಟ್ಟರು. ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಹಿಡಿದು ನಿಂತು ಜನರನ್ನು ಉಳಿಸಿದ ಒಬ್ಬ ಅಮೆರಿಕನ್ ಅಧಿಕಾರಿಗೂ ಅದೇ ಪದಕ. ತ್ರಿನಿದಾದ್ 1968ರಲ್ಲಿ ತೀರಿಕೊಂಡದ್ದು ನಿನ್ನ ಊರಿನ ಪಕ್ಕದ ಇಮುಸ್‌ನಲ್ಲಿ. 2022ರಲ್ಲಿ ಅಮೆರಿಕ ತಾನು ಕಟ್ಟಲಿರುವ ಒಂದು ಯುದ್ಧನೌಕೆಗೆ ಅವನ ಹೆಸರನ್ನು ಘೋಷಿಸಿತು.

ಇಷ್ಟಾದ ಮೇಲೆ ನಡೆದದ್ದೇನು ಗೊತ್ತೇ? ಮೊದಲ ಮಹಾಯುದ್ಧ ಮುಗಿದ ಮೇಲೆ ಫಿಲಿಪೀನೋಗಳು ಅಧಿಕಾರಿಗಳ ಊಟದ ಕೋಣೆಗೆ ಮಾತ್ರ ಎಂದು ನಿಯಮ ಮಾಡಿದರು. ಕಾಲೇಜು ಓದಿದವನಾದರೂ ಸರಿ, ಬಡಿಸಬೇಕು, ಹಾಸಿಗೆ ಹಾಸಬೇಕು, ಬೂಟಿಗೆ ಪಾಲಿಶ್ ಹಾಕಬೇಕು. ಬೆಂಕಿಗೆ ನುಗ್ಗಿದವನಿಗೆ ಪದಕ, ಅವನ ತಮ್ಮಂದಿರ ಕೈಗೆ ತಟ್ಟೆ. 1947ರ ಒಪ್ಪಂದದ ಪ್ರಕಾರ, ದೇಶ ಸ್ವತಂತ್ರವಾದ ಮೇಲೂ ಅಮೆರಿಕ ಅಲ್ಲಿಂದ ನಾವಿಕರನ್ನು ಆರಿಸಿಕೊಳ್ಳುತ್ತಲೇ ಇತ್ತು. ಶ್ವೇತಭವನದ ಊಟದ ಕೋಣೆಯಲ್ಲೂ ಬಡಿಸುತ್ತಿದ್ದದ್ದು ಇವರೇ.

ಲೋಲೋ 1964ರಲ್ಲಿ ಅಲ್ಲಿದ್ದ ಅಮೆರಿಕದ ಸ್ಯಾಂಗ್ಲಿ ಪಾಯಿಂಟ್ ನೌಕಾನೆಲೆಯಲ್ಲಿ ಸೇರಿದ್ದು ಇದನ್ನೆಲ್ಲ ತಿಳಿದೇ. ಹಿರಿಯ ಮಗ, ಬೆನ್ನಿಗೆ ಆರು ಜನ ತಮ್ಮ ತಂಗಿಯರು, ಅಪ್ಪ ಮೀನುಗಾರ. ಡಾಲರಿನ ಸಂಬಳದಲ್ಲಿ ಎಲ್ಲರನ್ನೂ ಓದಿಸಿದರು ಎಂದು ನಿನ್ನ ಮನೆಯೊಡತಿ ಹೇಳಿದ್ದು ನೆನಪಿದೆಯೇ? 1970ರ ದಶಕದ ಆರಂಭದಲ್ಲಿ ಆ ನಿರ್ಬಂಧ ತೆಗೆದ ಕೂಡಲೇ ಅವರು ಅರ್ಜಿ ಹಾಕಿ ಬಾಯ್ಲರ್ ಕೋಣೆಗೆ ಇಳಿದರು. ಎಸಿ ಇದ್ದ ಮೇಲಿನ ಕೋಣೆ ಬಿಟ್ಟು ಆ ಸೆಕೆಗೆ ಯಾಕೆ ಹೋದಿರಿ ಎಂದು ನಾನು ಕೇಳಿದ್ದಕ್ಕೆ, ಕೆಳಗೆ ಯಾರೂ ಗಂಟೆ ಬಾರಿಸಿ ಕರೆಯುವುದಿಲ್ಲವಲ್ಲ ಎಂದು ನಕ್ಕಿದ್ದರು. ಆಮೇಲೆ ನಾವಿಬ್ಬರೂ ನೀರಿನ ಮಟ್ಟ ತೋರಿಸುವ ಗಾಜಿನ ಬಗ್ಗೆ ಅರ್ಧ ಗಂಟೆ ಹರಟಿದೆವು. ನೀನು ಆಕಳಿಸುತ್ತ ಫೋನ್ ಹಿಡಿದು ನಿಂತಿದ್ದೆ.

ಮನೆಯಲ್ಲಿ ಮಾತ್ರ ಬಡಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಭಾನುವಾರ ಹೆಂಡತಿಗೆ ಮೊದಲು ಬಡಿಸಿ, ಆಮೇಲೆ ಮೊಮ್ಮಕ್ಕಳಿಗೆ, ಕೊನೆಗೆ ತಾನು. ಮಕ್ಕಳು ಹುಟ್ಟಿದಾಗ, ಬೆಳೆಯುವಾಗ ಅವರು ಎಲ್ಲೋ ಕಡಲಲ್ಲಿದ್ದರು. ಆ ಲೆಕ್ಕ ನನಗೂ ಗೊತ್ತು. ನೀನು ನಡೆಯಲು ಕಲಿತದ್ದನ್ನು ನಾನು ಕಾಗದದಲ್ಲಿ ಓದಿದವನು.

ಈಗ ಒಂದು ಕೆಲಸ. ಒಂಬತ್ತನೆಯ ದಿನದ ಪ್ರಾರ್ಥನೆಗೆ ತಪ್ಪದೆ ಹೋಗು. ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡು ನಮ್ಮಿಬ್ಬರ ಪರವಾಗಿಯೂ ನಮಸ್ಕರಿಸು. ಸಮಯ ನೋಡಿ ಮನೆಯೊಡತಿಗೆ ಹೇಳು: ಲೋಲೋ ಅವರ ಪಿಂಚಣಿ ಅವರೊಂದಿಗೇ ನಿಲ್ಲುತ್ತದೆ. ಸಾವಿನ ವಿಷಯ ತಿಳಿಸದೆ ಬ್ಯಾಂಕಿಗೆ ಬಿದ್ದ ಹಣವನ್ನು ಮುಟ್ಟಿದರೆ ಆಮೇಲೆ ತಿರುಗಿ ಕೇಳುತ್ತಾರೆ. ತಮ್ಮ ನಂತರ ಹೆಂಡತಿಗೆ ಸಿಗಲೆಂದು ಅವರು ಪಿಂಚಣಿಯಿಂದ ಪಾಲು ಕಟ್ಟಿದ್ದರೆ ಅಜ್ಜಿ ಅಮೆರಿಕದ ರಕ್ಷಣಾ ಇಲಾಖೆಯ ಪಾವತಿ ಕಚೇರಿಗೆ ಅರ್ಜಿ ಹಾಕಬೇಕು, ಅದು ತಾನಾಗಿ ಬರುವುದಿಲ್ಲ. ಡಿಡಿ-214 ಎಂಬ ಬಿಡುಗಡೆ ಪತ್ರ, ಮದುವೆಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಮೂರನ್ನೂ ಹುಡುಕಿಡಲಿ. ವಿಚಾರಿಸಲು ಮಾಜಿ ಸೈನಿಕರ ಅಮೆರಿಕದ ಕಚೇರಿ ಮನಿಲಾದಲ್ಲೇ ಇದೆ. ಅಜ್ಜಿಯನ್ನು ಕರೆದುಕೊಂಡು ಹೋಗುವ ದಿನ ನಿನಗೆ ತರಗತಿ ಇಲ್ಲದಿದ್ದರೆ ನೀನೂ ಜೊತೆಗೆ ಹೋಗು. ಅಲ್ಲಿ ಯಾವ ಅರ್ಜಿ ಕೊಟ್ಟರೂ ಅದರ ನಕಲು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಇಂತಿ,
ನಿನ್ನ ಅಪ್ಪ