ಅಪ್ಪನ ಕಣ್ಣು, ಮಂಗಳದ ಧೂಳು

ಅಪ್ಪನಿಗೆ ನಮಸ್ಕಾರ. ನಾನು ಕ್ಷೇಮ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ರವಿಯ ಪತ್ರ ಬಂತು. ಬಲಗಣ್ಣಿನ ಪೊರೆ ಬಲಿತಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದರೂ ನೀವು 'ಪೇಪರ್ ಓದ್ತೀನಲ್ಲ, ಇನ್ನೇನು' ಅಂತ ಮುಂದಕ್ಕೆ ಹಾಕ್ತಾ ಇದ್ದೀರಂತೆ. ಅಮ್ಮನ ನೀಲಿ ಸೀರೆಯನ್ನು ಹಸಿರು ಅಂದಿರಂತೆ. ಓದಿದಾಗಿಂದ ಮನಸ್ಸಿಗೆ ಸಮಾಧಾನವಿಲ್ಲ.

ನನ್ನ ಕೆಲಸ ಏನು ಅಂತ ಕೇಳ್ತಾನೇ ಇರ್ತೀರಿ, ಅಲ್ವಾ? ಮಂಗಳ ಗ್ರಹದ ಮೇಲೆ ಗಾಲಿಗಳಲ್ಲಿ ಓಡಾಡುವ ನಾಸಾದ ಯಂತ್ರ, ಪರ್ಸೀವರೆನ್ಸ್ ರೋವರ್, ಕಳಿಸುವ ಫೋಟೋಗಳಲ್ಲಿ ಕಲ್ಲು, ಮಣ್ಣಿನ ಬಣ್ಣ ಅಳೆಯುವುದು. 2021ರ ಫೆಬ್ರವರಿಯಲ್ಲಿ ಅದು ಇಳಿದ ಜೆಜೆರೊ ಕುಳಿ ಬಹಳ ಹಿಂದೆ ಕೆರೆಯಾಗಿತ್ತು. ಅಲ್ಲಿ ನಮಗೆ ದೊಡ್ಡ ತೊಂದರೆ ಧೂಳು. ಗಾಳಿಯಲ್ಲಿ ಸದಾ ತೇಲುತ್ತಿರುತ್ತದೆ, ನೆಲಕ್ಕೆ ಬೀಳುವ ಬಿಸಿಲಿನ ಬಣ್ಣವನ್ನೇ ಬದಲಿಸುತ್ತದೆ. ಹಾಗಾಗಿ ಫೋಟೋದಲ್ಲಿ ಕಂಡ ಬಣ್ಣವನ್ನು ನಾವು ಸುಮ್ನೆ ನಂಬುವುದಿಲ್ಲ. ರೋವರಿನ ಮೇಲೆ ಅಂಗೈಯಗಲದ ಒಂದು ಫಲಕವಿದೆ. ಅದರಲ್ಲಿ ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿ, ಹಳದಿ ಬಿಲ್ಲೆಗಳು, ನಡುವೆ ನೆರಳು ಬೀಳಲೆಂದು ಪುಟ್ಟ ಕಂಬ. ಬಿಲ್ಲೆಗಳ ಬಣ್ಣವನ್ನು ಭೂಮಿಯಲ್ಲೇ ಅಳೆದಿಟ್ಟಿದ್ದಾರೆ. ಕಲ್ಲಿನ ಫೋಟೋ ಜೊತೆ ಇವುಗಳ ಫೋಟೋವನ್ನೂ ಇಟ್ಟು ಹೋಲಿಸುತ್ತೇವೆ. ಬಿಲ್ಲೆ ಮೇಲೂ ಧೂಳು ಕೂರುತ್ತದಲ್ಲ, ಅದಕ್ಕೇ ಕೆಳಗೆ ಬಳೆಯಾಕಾರದ ಅಯಸ್ಕಾಂತ ಇಟ್ಟಿದ್ದಾರೆ. ಮಂಗಳದ ಧೂಳು ಅಯಸ್ಕಾಂತಕ್ಕೆ ಅಂಟುತ್ತದೆ. ಧೂಳು ಹೆಚ್ಚಾಗಿ ಅಂಚಿಗೆ ಹೋಗಿ ಸೇರುತ್ತದೆ, ನಡುವಿನ ಜಾಗ ಸಾಕಷ್ಟು ಚೊಕ್ಕಟವಾಗಿ ಉಳಿಯುತ್ತದೆ. ಎಂಥ ಬುದ್ಧಿ ನೋಡಿ! ನನಗಂತೂ ನೋಡಿದಷ್ಟೂ ಸಂತೋಷ.

ಧೂಳಿನ ಕೆಳಗೆ ಏನಿದೆ ಅಂತ ಮೇಲಿಂದ ಗೊತ್ತಾಗುವುದೇ ಇಲ್ಲ. ಸ್ಪಿರಿಟ್ ಅಂತ ಹಳೆಯ ರೋವರ್ ಇತ್ತು. 2006ರಲ್ಲಿ ಅದರ ಮುಂದಿನ ಬಲಗಾಲಿ ಕೆಟ್ಟು ನಿಂತಿತು. ಆ ಗಾಲಿಯನ್ನು ಎಳೆದುಕೊಂಡೇ ಓಡಾಡುತ್ತಿತ್ತು. 2007ರಲ್ಲಿ ಹಾಗೆ ಗೀರಿದ ಸಾಲಿನಲ್ಲಿ ಬೆಳ್ಳನೆಯ ಮಣ್ಣು ಕಂಡಿತು. ನೂರಕ್ಕೆ ತೊಂಬತ್ತು ಪಾಲು ಸಿಲಿಕಾ, ಅಂದರೆ ನಮ್ಮ ಮರಳಿನಲ್ಲಿರುವ ವಸ್ತು! ಬಿಸಿನೀರೋ ಹಬೆಯೋ ಇಲ್ಲದೆ ಅಂಥ ಮಣ್ಣು ಆಗುವುದು ಕಷ್ಟ. ಅದೇ ಜಾಗದಲ್ಲಿ ಮೇಲೆಲ್ಲ ಬರೀ ಕೆಂಪು.

ನಿಮ್ಮ ಕಣ್ಣಿನಲ್ಲೂ ಹೀಗೇ ಆಗಿದೆ ಅಪ್ಪಾ. ಪೊರೆ ಬಂದ ಮಸೂರ ಮೆಲ್ಲಗೆ ಹಳದಿಯಾಗುತ್ತದೆ, ನೀಲಿ ಬಣ್ಣ ಮೊದಲು ಮಂಕಾಗುತ್ತದೆ. ಎಷ್ಟು ನಿಧಾನ ಅಂದರೆ ನೋಡುವವರಿಗೇ ತಿಳಿಯುವುದಿಲ್ಲ. ಒಂದು ಬಿಳಿ ಹಾಳೆ ತಗೊಳ್ಳಿ. ಬೆಳಕಿನಲ್ಲಿ ಹಿಡಿದು ಮೊದಲು ಎಡಗಣ್ಣಿನಿಂದ, ಆಮೇಲೆ ಬಲಗಣ್ಣಿನಿಂದ ನೋಡಿ. ಎರಡರಲ್ಲೂ ಒಂದೇ ಬಿಳಿ ಕಂಡರೆ ರವಿಗೆ ಹೇಳಿ ನನಗೆ ಬರೆಸಿ. ಬೇರೆ ಕಂಡರೆ ನನಗೇನೂ ಬರೆಯಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ತೀರಾ ಬಲಿತು ಗಟ್ಟಿಯಾದ ಮೇಲೆ ತೆಗೆಯುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ಸಾಮಾನ್ಯವಾಗಿ ಕಣ್ಣಿಗಷ್ಟೇ ಮರಗಟ್ಟುವ ಔಷಧಿ ಹಾಕಿ ಮಾಡುತ್ತಾರೆ, ಹೊಸ ಮಸೂರ ಕೂರಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಹೆದರುವಂಥದ್ದು ಏನೂ ಇಲ್ಲ. ಖಂಡಿತ ಏನೂ ಇಲ್ಲ. ಸಕ್ಕರೆ ಮಾತ್ರ ಹತೋಟಿಯಲ್ಲಿರಲಿ.

ನನ್ನ ಚಿಂತೆ ಬೇಡ. ಅಮೆರಿಕದ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸಿದರೂ ನಮ್ಮ ಅರಿಝೋನಾದಲ್ಲಿ ಬಹುಪಾಲು ಜನ ಮುಟ್ಟುವುದೇ ಇಲ್ಲ. ಈ ಊರಿನ ಆ ಹಟ ನನಗೆ ಇಷ್ಟ. ಮಂಗಳದ ದಿನ ಮಾತ್ರ ನಮ್ಮದಕ್ಕಿಂತ ಸುಮಾರು 40 ನಿಮಿಷ ಜಾಸ್ತಿ, ಅಲ್ಲಿನ ಬೆಳಗು ನಮ್ಮ ಗಡಿಯಾರದಲ್ಲಿ ದಿನಾ ತಡವಾಗುತ್ತಾ ಹೋಗುತ್ತದೆ. ಆದರೂ ನಿದ್ದೆ ಚೆನ್ನಾಗಿ ಮಾಡ್ತೀನಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ, ಆರೋಗ್ಯವಾಗಿದ್ದೀನಿ. ನಿಜವಾಗಲೂ.

ಆಪರೇಷನ್ ತಾರೀಖು ಗೊತ್ತಾದ ತಕ್ಷಣ ರವಿ ಕೈಲಿ ತಿಳಿಸಿ. ಫೋಟೋಗಳು ಬಂದವಂತೆ, ಕರೆಯುತ್ತಿದ್ದಾರೆ. ಅಮ್ಮನಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗಳು,
ಸುಮಾ