ನೀರು ತುಂಬುವ ಹಬ್ಬಕ್ಕೆ ಸಂಪು ಬರಿದಾಗದಿರಲಿ

ಮಾನ್ಯರೇ,

ನವರಾತ್ರಿಯಿಂದ ದೀಪಾವಳಿಯವರೆಗೆ ಬೆಂಗಳೂರಿನ ಮನೆಗಳು ಎಷ್ಟು ನೀರು ಚೆಲ್ಲುತ್ತವೆ ಎಂಬ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಮುಂಗಾರು ಆಗತಾನೇ ಮುಗಿದಿರುತ್ತದೆ, ಕನ್ನಂಬಾಡಿ ತುಂಬಿದ ಚಿತ್ರ ಪತ್ರಿಕೆಗಳಲ್ಲಿ ಬಂದಿರುತ್ತದೆ. ಹೀಗಾಗಿ ನೀರಿನ ಮಿತಬಳಕೆಯೆಂಬುದು ಬೇಸಿಗೆಗೆ ಮೀಸಲಾದ ವಿಷಯವೆಂದು ನಾಗರಿಕರೂ ಜಲಮಂಡಳಿಯೂ ಒಪ್ಪಂದ ಮಾಡಿಕೊಂಡಂತಿದೆ. ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ, ಮರುಕಳಿಸಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ. ಎರಡು ಸಲವೂ ಕೊಳವೆಬಾವಿಗಳ ಚಿಂತೆ ಶುರುವಾದ ಮೇಲೆಯೇ ಆದೇಶ ಬಂತು. ಆದರೆ ಇಡೀ ನಗರ ಒಟ್ಟಿಗೇ ತನ್ನ ವಾಹನಗಳನ್ನು ತೊಳೆಯುವುದು ಆಯುಧಪೂಜೆಯ ದಿನ.

2023ನೆಯ ವರ್ಷವನ್ನು ನೆನಪಿಸಿಕೊಳ್ಳಬೇಕು. ಮಳೆ ಕೈಕೊಟ್ಟಿತ್ತು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಹಂತಹಂತವಾಗಿ ಬರಪೀಡಿತವೆಂದು ಘೋಷಿಸಿತು. ತಮಿಳುನಾಡಿಗೆ ಕಾವೇರಿ ನೀರು ಹರಿಸುವುದನ್ನು ವಿರೋಧಿಸಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ನಮ್ಮ ಬೀದಿಯಲ್ಲೂ ಅಂಗಡಿಗಳ ಬಾಗಿಲು ಹಾಕಿದ್ದವು. ಅದಾಗಿ ನಾಲ್ಕು ವಾರ ತುಂಬುವುದರೊಳಗೆ, ಅಕ್ಟೋಬರ್ 23ರ ಆಯುಧಪೂಜೆಯ ಬೆಳಿಗ್ಗೆ, ಅದೇ ಬೀದಿಯ ಗೇಟುಗಳ ಮುಂದೆ ಪೈಪಿನಿಂದ ಹರಿದು ಚರಂಡಿ ಸೇರಿದ್ದು ಅದೇ ಕಾವೇರಿ. ಪೈಪು ಹಿಡಿದವರಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ ಇದನ್ನು ನೆರೆಹೊರೆಯವರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಮರುವರ್ಷದ ಮಾರ್ಚ್‌ನಲ್ಲಿ ಟ್ಯಾಂಕರಿಗೆ ಫೋನು ಮಾಡಿ ಮಾಡಿ ಸುಸ್ತಾದಾಗ ನೆನಪಾದದ್ದು ಆ ಬೆಳಿಗ್ಗೆಯೇ.

ಆಮೇಲೊಮ್ಮೆ ಅಳತೆ ಮಾಡಿ ನೋಡಿದೆ. ನಮ್ಮ ಅಂಗಳದ ನಲ್ಲಿಗೆ ಪೈಪು ಹಾಕಿ 15 ಲೀಟರಿನ ಬಕೆಟ್ ಹಿಡಿದರೆ ಒಂದೂವರೆ ನಿಮಿಷದಲ್ಲಿ ತುಂಬುತ್ತದೆ. ಅಂದರೆ ನಿಮಿಷಕ್ಕೆ 10 ಲೀಟರ್. ಕಾರೊಂದನ್ನು ಸಾವಕಾಶವಾಗಿ ತೊಳೆದು, ನಡುವೆ ಪರಿಚಯದವರೊಡನೆ ಎರಡು ಮಾತಾಡಿ, ಉಳಿದಂತೆ ಗೇಟಿನ ಮುಂದಿನ ರಸ್ತೆಗೂ ನೀರು ಹೊಡೆಯುವಷ್ಟರಲ್ಲಿ ಇಪ್ಪತ್ತೈದು ನಿಮಿಷವಾದರೂ ಆಗುತ್ತದೆ, ಅಲ್ಲಿಗೆ 250 ಲೀಟರ್. ನಗರವಾಸಿಯೊಬ್ಬನಿಗೆ ಸ್ನಾನ, ಅಡುಗೆ, ಬಟ್ಟೆ, ಶೌಚ ಎಲ್ಲ ಸೇರಿ ದಿನಕ್ಕೆ 135 ಲೀಟರ್ ಸಾಕೆಂಬುದು ನಮ್ಮಲ್ಲಿನ ಲೆಕ್ಕಾಚಾರ. ಹೆಚ್ಚುಕಡಿಮೆ ಇಬ್ಬರ ಒಂದು ದಿನದ ನೀರನ್ನು ಒಂದು ಕಾರು ಕುಡಿಯಿತು. ಆ ನೀರಾದರೂ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಪಂಪುಗಳ ಬಲದಿಂದ ಸುಮಾರು 500 ಮೀಟರ್ ಮೇಲಕ್ಕೇರಿ ಬಂದದ್ದು. ಎರಡು ಬಕೆಟ್ ನೀರು, ಎರಡು ಹಳೆ ಬಟ್ಟೆ ಇದ್ದರೆ ಅದೇ ಕಾರು ಕುಂಕುಮ ಹಚ್ಚಿಸಿಕೊಳ್ಳುವಷ್ಟು ಹೊಳೆಯುತ್ತದೆಂಬುದನ್ನು ಕಳೆದೆರಡು ವರ್ಷಗಳಿಂದ ಕಂಡುಕೊಂಡಿದ್ದೇನೆ.

ದೀಪಾವಳಿಯ ವಿಚಾರ ಇನ್ನೂ ಸೋಜಿಗದ್ದು. ನರಕಚತುರ್ದಶಿಯ ಹಿಂದಿನ ಸಂಜೆಯನ್ನು ನಾವು ಕರೆಯುವುದೇ ನೀರು ತುಂಬುವ ಹಬ್ಬವೆಂದು. ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಅಂದು ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತುತ್ತಿದ್ದರು. ಬಾವಿಯಿಂದ ಸೇದಿ ತಂದ ಕೊಡಗಳಿಂದ ಹಂಡೆ ತುಂಬುತ್ತಿತ್ತು. ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕುಳಿತ ನಮಗೆಲ್ಲ ಆ ಒಂದು ಹಂಡೆಯೇ ಅಳತೆ. ಕೊನೆಯವರಿಗೆ ಸಾಲದಾದರೆ ಮತ್ತೆ ಬಾವಿಕಟ್ಟೆಗೆ ಹೋಗಬೇಕಾದ್ದರಿಂದ ಚೊಂಬಿನ ಲೆಕ್ಕ ಅಜ್ಜಿಯ ಕಣ್ಣಲ್ಲೇ ಇರುತ್ತಿತ್ತು. ಮಿಂದ ನೀರು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಇಂದು ಸೀಗೆಪುಡಿ, ಎಣ್ಣೆ, ಆರತಿ ಎಲ್ಲ ಹಾಗೇ ಉಳಿದಿವೆ. ಹಂಡೆಯ ಜಾಗಕ್ಕೆ ಗೀಸರ್ ಬಂದು, ನೀರಿನ ಅಳತೆ ಮಾತ್ರ ಕಳೆದುಹೋಗಿದೆ. ನಲ್ಲಿಯಲ್ಲಿ ಬಿಸಿನೀರು ಬರುವ ತನಕ ತಣ್ಣೀರನ್ನು ಬಚ್ಚಲಿಗೆ ಬಿಡುತ್ತೇವೆ. ನಮ್ಮ ಮನೆಯಲ್ಲಿ ಅದು ಪ್ರತಿ ಸ್ನಾನಕ್ಕೂ ಅರ್ಧ ಬಕೆಟ್. ಹಬ್ಬಕ್ಕೆ ಬಂದ ನೆಂಟರೂ ಸೇರಿ ಎಂಟು ಜನರೆಂದರೆ ನಾಲ್ಕು ಬಕೆಟ್. ಈಗ ಆ ತಣ್ಣೀರನ್ನು ಹಿಡಿದಿಟ್ಟುಕೊಂಡು ನೆಲ ಒರೆಸಲು ಬಳಸುತ್ತೇವೆ. ಆರ್‌ಒ ಯಂತ್ರ ಹೊರಹಾಕುವ ನೀರೂ ಪಾತ್ರೆಗಳ ಮೊದಲ ತೊಳೆತಕ್ಕೆ ಒದಗುತ್ತದೆ. ಊಟಕ್ಕೆ ಬಾಳೆಲೆ ಹಾಕಿದರೆ ತಟ್ಟೆ ತೊಳೆಯುವ ಕೆಲಸವೇ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚು ನೀರು ಪೋಲಾಗುವುದು ಮರೆವಿನಿಂದ ಎಂಬುದು ನನ್ನ ಅನುಭವ. ಮೋಟಾರು ಹಾಕಿ, ಕಜ್ಜಾಯದ ಬಾಣಲೆಯ ಮುಂದೆ ನಿಂತವರಿಗೆ ತಾರಸಿಯ ಟ್ಯಾಂಕು ತುಂಬಿ ಸುರಿಯುವುದು ಕೇಳಿಸುವುದಿಲ್ಲ. ಟ್ಯಾಂಕು ತುಂಬಿದಾಗ ಕೂಗುವ ಅಲಾರಂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಬ್ಬದ ಪಟಾಕಿಯ ಖರ್ಚಿನ ಮುಂದೆ ಅದು ಏನೂ ಅಲ್ಲ. ಎರಡು ವರ್ಷದ ಹಿಂದೆ ದೀಪಾವಳಿ ರಜೆಗೆ ಎದುರು ಮನೆಯವರು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರು. ನಮ್ಮಲ್ಲಿ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಅವರ ಸಂಪಿನ ಬಾಲ್‌ಕಾಕ್ ಕೆಟ್ಟು, ತುಂಬಿದ ಸಂಪಿನಿಂದ ನೀರು ಗೇಟಿನಡಿ ನುಸುಳಿ, ಬಾಗಿಲಿನ ರಂಗೋಲಿಯನ್ನೂ ಕೊಚ್ಚಿಕೊಂಡು ರಸ್ತೆಗೆ ಹರಿಯಿತು. ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಫೋನು ಮಾಡಿದರೆ, "ಮೀಟರ್ ಹತ್ತಿರ ವಾಲ್ವ್ ಇದೆಯಲ್ಲ, ಅದನ್ನ ತಿರುಗಿಸಿಬಿಡಿ ಸಾರ್" ಎಂದರು. ವಾಲ್ವ್ ಇದ್ದದ್ದು ಕಾಂಪೌಂಡಿನೊಳಗೆ. ಮೂರನೆಯ ದಿನ ಅವರು ಬಂದ ಮೇಲೆಯೇ ಅದು ನಿಂತದ್ದು. ಹೊರಡುವ ಮುನ್ನ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವವರು ಆ ವಾಲ್ವನ್ನೂ ಮುಚ್ಚಿ, ಒಂದು ಬೀಗದ ಕೈಯನ್ನು ಪಕ್ಕದವರಿಗೆ ಕೊಟ್ಟುಹೋಗುವುದು ಕಷ್ಟದ ಕೆಲಸವೇನಲ್ಲ.

2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಬರುವುದರಿಂದ ಈ ಮಾತುಗಳ ಅಗತ್ಯವಿಲ್ಲವೆಂದು ಕೆಲವರು ಹೇಳಬಹುದು. ಆ ಯೋಜನೆ ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಆದದ್ದು. ಅಲ್ಲಿನವರು ವರ್ಷಗಟ್ಟಲೆ ಟ್ಯಾಂಕರ್ ನೀರಿನಲ್ಲೇ ಹಬ್ಬ ಮಾಡಿದವರು.

ಆದ್ದರಿಂದ ಜಲಮಂಡಳಿಯಲ್ಲಿ ನನ್ನ ವಿನಂತಿಯಿಷ್ಟೆ: ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂಬ ಆದೇಶವನ್ನು ಬೇಸಿಗೆಗೆ ಕಾಯದೆ ಮಹಾಲಯ ಅಮಾವಾಸ್ಯೆಗೆ ಮೊದಲೇ ಹೊರಡಿಸಲಿ, ಮತ್ತು ನೀರಿನ ಬಿಲ್ಲಿನ ಹಿಂಬದಿಯಲ್ಲಿ ಅದನ್ನು ಮುದ್ರಿಸಲಿ. ವಿದ್ಯುತ್ ವ್ಯತ್ಯಯದ ಪ್ರಕಟಣೆಗೆ ಜಾಗ ಕೊಡುವ ತಮ್ಮ ಪತ್ರಿಕೆಯೂ ಆಯುಧಪೂಜೆಯ ಹಿಂದಿನ ದಿನ ಅದಕ್ಕೆ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಬನಶಂಕರಿ 3ನೇ ಹಂತ, ಬೆಂಗಳೂರು